ಅಪ್‌ಡೇಟ್: ಕೊನೆಗೂ ಗೇಮ್ ಲಿಂಕ್ ಹಾಕ್ದೆ

ಹೋದ ತಿಂಗ್ಳು ಕೇಳಿದ್ನಲ್ಲ, ಗೊಡಾಟ್ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರ್‌ನಲ್ಲಿ ಚೌಕಾಬಾರ ಗೇಮ್ ಮಾಡಿ ಮುಗ್ಸಿದೀನಿ ಆದ್ರೆ ಯಾರಿಗಾದ್ರೂ ತೋರ್ಸೋಣ ಅಂದ್ರೆ ಎದೆ ಡವಡವ ಅನ್ನತ್ತೆ ಅಂತ. ಒಬ್ರು ಹೇಳಿದ್ರು, ಸೀದಾ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಗೆ ಹೋಗ್ಬೇಡಿ (ಅಲ್ಲಿ ಒಂದು ಗೇಮ್‌ಗೆ 100 ಡಾಲರ್ ಫೀಸ್ ಬೇರೆ ಕಟ್ಬೇಕು), ಮೊದ್ಲು ಇಚ್ ಡಾಟ್ ಐಓ (itch.io) ಅನ್ನೋ, ಯಾರು ಬೇಕಾದ್ರೂ ಗೇಮ್ ಹಾಕ್ಬೋದಾದ ಸೈಟ್‌ನಲ್ಲಿ ಪಾಸ್‌ವರ್ಡ್ ಹಾಕಿಟ್ಟು ಗೊತ್ತಿರೋರಿಗೆ ಮಾತ್ರ ಕೊಡಿ ಅಂತ. ಹಾಗೇ ಮಾಡ್ದೆ. ಮೊದ್ಲು ಅಕ್ಕಂಗೆ ಕಳ್ಸಿದ್ದು, ಅವ್ಳು ಆಡಿ, ನಾಲ್ಕೂ ಕವಡೆ ಬೋರಲು ಬಿದ್ರೂ ಎಂಟು ಕೊಡ್ತಿಲ್ವಲ್ಲೋ ಅಂದ್ಲು. ನಿಜ್ವಾದ ಬಗ್! ನಂಗೆ ಬೇಜಾರೇ ಆಗ್ಲಿಲ್ಲ, ರಾತ್ರಿನೇ ಕೂತು ಸರಿ ಮಾಡ್ದೆ, ಆಮೇಲೆ ಅಮ್ಮ ಫೋನ್ ಇಸ್ಕೊಂಡೋರು ಕಾಯಿ ಹಣ್ಣಾಗೋವರ್ಗೂ ವಾಪಸ್ ಕೊಡ್ಲಿಲ್ಲ.

ಶನಿವಾರ ಪಾಸ್‌ವರ್ಡ್ ತೆಗ್ದು ಪಬ್ಲಿಕ್ ಮಾಡ್ದೆ. ನನ್ನ ಗೇಮ್‌ನ ನಾನೇ ಹೊಗಳಿ ಬರಿಯೋಕೆ ಆಗ್ತಿರ್ಲಿಲ್ಲ, ಅದಕ್ಕೆ 5 ಬೈ 5 ಮನೆ, 4 ಕವಡೆ, ಒಂದೇ ಫೋನಲ್ಲಿ ಇಬ್ರು ಆಡ್ಬೋದು ಅಂತ ಇರೋದನ್ನ ಇದ್ದ ಹಾಗೆ ಬರ್ದು ಒಂದು ಜಿಫ್ ಹಾಕಿ, ಫೋನ್ ಮನೇಲೇ ಬಿಟ್ಟು ಕೆರೆ ಸುತ್ತ ವಾಕ್ ಹೋದೆ. ಬಂದು ನೋಡಿದ್ರೆ ಮೂರು ಕಾಮೆಂಟು. ಒಂದ್ರಲ್ಲಿ, ಅಜ್ಜಿ ಜೊತೆ ಆಡಿದ್ದು ನೆನಪಾಯ್ತು ಅಂತ ಇತ್ತು, ಓದಿ ಕಣ್ಣು ತುಂಬಿ ಬಂತು. ಇನ್ನೊಬ್ರು ಕವಡೆ ಸದ್ದು ಸರಿ ಇಲ್ಲ ಅಂದಿದಾರೆ, ಈ ವಾರ ಅಮ್ಮನ ಹಳೇ ಕವಡೆ ತಗೊಂಡು ಹೊಸದಾಗಿ ರೆಕಾರ್ಡ್ ಮಾಡ್ತಿದೀನಿ.