ಬಿಸ್ಮತ್ ಫೆರೈಟ್ ತೆಳುಪದರದ ಮೆಮೊರಿ: ವೋಲ್ಟೇಜಿನಿಂದಲೇ ಕಾಂತ ತಿರುಗುವುದು ಹೇಗೆ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ): ಎಲ್ಲರಿಗೂ ನಮಸ್ಕಾರ. ಮ್ಯಾಗ್ನೆಟೋಎಲೆಕ್ಟ್ರಿಕ್ ಮೆಮೊರಿಯ, ಅಂದರೆ ವೋಲ್ಟೇಜಿನಿಂದ ಕಾಂತತ್ವವನ್ನು ತಿರುಗಿಸಿ ಮಾಹಿತಿ ಬರೆಯುವ ಮೆಮೊರಿಯ ಬಗ್ಗೆ ಸೆಮಿನಾರಿಗೆ ಸಿದ್ಧತೆ ನಡೆಸಿದ್ದೇನೆ. ಕಂಪ್ಯೂಟರಿನ ಮುಖ್ಯ ಮೆಮೊರಿಯಾದ ಡಿರ‍್ಯಾಮ್‌ನಲ್ಲಿರುವ ಮಾಹಿತಿಯನ್ನು ಸುಮಾರು 64 ಮಿಲಿಸೆಕೆಂಡಿಗೊಮ್ಮೆ ಹೊಸದಾಗಿ ಬರೆಯುತ್ತಲೇ ಇರಬೇಕು. ಕಾಂತೀಯ ಮೆಮೊರಿಗೆ ಆ ಕಷ್ಟವಿಲ್ಲ ಎಂಬುದು ತಿಳಿದಿದೆ. ಆದರೆ ಬಿಸ್ಮತ್ ಫೆರೈಟ್ (ಬಿಸ್ಮತ್, ಕಬ್ಬಿಣ, ಆಮ್ಲಜನಕಗಳ ಸಂಯುಕ್ತ) ಆಂಟಿಫೆರೋಮ್ಯಾಗ್ನೆಟ್, ಅಂದರೆ ಅದರ ಪರಮಾಣುಗಳ ಪುಟ್ಟ ಕಾಂತಗಳು ಎದುರುಬದುರಾಗಿ ನಿಂತು ಒಂದನ್ನೊಂದು ರದ್ದುಮಾಡುತ್ತವೆ. ಆದ್ದರಿಂದ ಅದರ ಒಟ್ಟು ಕಾಂತತ್ವ ಹೆಚ್ಚುಕಡಿಮೆ ಸೊನ್ನೆ. ಅಂಥ ವಸ್ತುವಿನಲ್ಲಿ ಬಿಟ್ಟನ್ನು ಬರೆದು ಓದುವುದಾದರೂ ಹೇಗೆ?

ಉತ್ತರ 1: ಓದುವ ಬಿಟ್ ಇರುವುದು ಫೆರೈಟ್‌ನಲ್ಲಲ್ಲ, ಅದರ ಮೇಲೆ ಕೂರಿಸಿದ, ಕೆಲವೇ ನ್ಯಾನೋಮೀಟರ್ ದಪ್ಪದ ಕೋಬಾಲ್ಟ್-ಕಬ್ಬಿಣದ ಪದರದಲ್ಲಿ. ಇವೆರಡೂ ಕೂಡುವ ಮೇಲ್ಮೈಯಲ್ಲಿ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಕಾಂತಗಳು) ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ವೋಲ್ಟೇಜ್ ಕೊಟ್ಟಾಗ ಫೆರೈಟ್‌ನ ಧ್ರುವೀಕರಣ (ಒಳಗಿನ ಧನ-ಋಣ ಆವೇಶಗಳು ಸರಿದು ನಿಂತಿರುವ ದಿಕ್ಕು) ತಿರುಗುತ್ತದೆ, ಅದರೊಡನೆ ಅದರ ಸ್ಪಿನ್ ವ್ಯವಸ್ಥೆಯೂ ತಿರುಗಿ ಮೇಲಿನ ಪದರವನ್ನು ತನ್ನ ಜೊತೆಗೆ ಎಳೆದುಕೊಳ್ಳುತ್ತದೆ. ಧ್ರುವೀಕರಣ ನೇರವಾಗಿ 180 ಡಿಗ್ರಿ ತಿರುಗಿದರೆ ಕಾಂತತ್ವ ತಿರುಗುವುದಿಲ್ಲ ಎಂದೇ ಸಿದ್ಧಾಂತ ಹೇಳುತ್ತಿತ್ತು. 2014ರಲ್ಲಿ ಪ್ರಕಟವಾದ ಪ್ರಯೋಗವೊಂದು ಧ್ರುವೀಕರಣ 71 ಮತ್ತು 109 ಡಿಗ್ರಿಗಳ ಎರಡು ಹೆಜ್ಜೆಗಳಲ್ಲಿ ತಿರುಗುವುದನ್ನೂ, ಹಾಗೆ ತಿರುಗಿದಾಗ ಕಾಂತತ್ವವೂ ಕೋಣೆಯ ಉಷ್ಣತೆಯಲ್ಲೇ ದಿಕ್ಕು ಬದಲಿಸುವುದನ್ನೂ ತೋರಿಸಿತು. ಈ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದೇ. ಇನ್ನು ಶಕ್ತಿಯ ಮಾತು: ಇಂದಿನ ಎಂಆರ್‌ಎಎಂನಲ್ಲಿ (ಈಗ ಬಳಕೆಯಲ್ಲಿರುವ ಕಾಂತೀಯ ಮೆಮೊರಿಯಲ್ಲಿ) ಬರೆಯುವಷ್ಟು ಹೊತ್ತೂ ಪ್ರವಾಹ ಹರಿದು ಬಿಸಿಯಾಗುತ್ತದೆ, ಇಲ್ಲಿ ಫೆರೈಟ್ ಅವಾಹಕವಾದ್ದರಿಂದ ಕೆಪಾಸಿಟರ್ ತುಂಬುವಷ್ಟು ವಿದ್ಯುದಾವೇಶ ಸಾಕು.

ಉತ್ತರ 2 (ತೆಳುಪದರ ತಯಾರಿಸುವವನು): ಅವಾಹಕ ಎಂಬ ಮಾತು ಕಾಗದದ ಮೇಲೆ ಸರಿ, ಆದರೆ ನಮ್ಮ ದಿನಗಳೆಲ್ಲ ಕಳೆಯುವುದು ಸೋರಿಕೆಯನ್ನು ತಡೆಯುವುದರಲ್ಲೇ. ಲೇಸರ್ ಬಡಿತದಿಂದ ಪದರ ಬೆಳೆಸುವಾಗ ಬಿಸ್ಮತ್ ಆವಿಯಾಗಿ ಹೋಗುವುದರಿಂದ ಟಾರ್ಗೆಟ್ಟಿನಲ್ಲಿ (ಲೇಸರ್ ಬಡಿಯುವ ಮೂಲ ಬಿಲ್ಲೆಯಲ್ಲಿ) ಅದನ್ನು ಮೊದಲೇ ಹೆಚ್ಚಾಗಿ ಸೇರಿಸಿರುತ್ತೇವೆ. ಆಮ್ಲಜನಕದ ಒತ್ತಡ ತಪ್ಪಿದರೆ ಹರಳಿನಲ್ಲಿ ಆಮ್ಲಜನಕದ ಖಾಲಿ ಜಾಗಗಳು ಉಳಿದು ಪ್ರವಾಹ ಸೋರುತ್ತದೆ. ವೋಲ್ಟೇಜ್ ಏರಿಸಿ ಇಳಿಸುತ್ತ ಧ್ರುವೀಕರಣದ ಲೂಪ್ (ಸುತ್ತಿ ಮರಳುವ ಗೆರೆ) ಅಳೆದಾಗ ತುದಿಗಳು ಚೂಪಾಗಿರದೆ ಬಾಳೆಹಣ್ಣಿನಂತೆ ದುಂಡಗಿದ್ದರೆ, ಅದನ್ನು ಫೆರೋಎಲೆಕ್ಟ್ರಿಕ್ ಗುಣವೆಂದು (ವೋಲ್ಟೇಜಿನಿಂದ ತಿರುಗಿಸಬಹುದಾದ, ತಾನೇ ಉಳಿಯುವ ಧ್ರುವೀಕರಣವೆಂದು) ದಯವಿಟ್ಟು ಸೆಮಿನಾರಿನಲ್ಲಿ ತೋರಿಸಬೇಡಿ. ಅದು ಸೋರಿಕೆಯ ಗುರುತು. ಇನ್ನೊಂದು ತೊಡಕು, ಈ ಪದರವನ್ನು ಸಾಮಾನ್ಯವಾಗಿ 600-700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸುತ್ತಾರೆ, ಆದರೆ ಚಿಪ್‌ನ ಲೋಹದ ತಂತಿಗಳನ್ನು ಹಾಕಿದ ಮೇಲೆ ಸುಮಾರು 400 ಡಿಗ್ರಿ ದಾಟುವಂತಿಲ್ಲ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು, ಸರ್. ಹಾಗಾದರೆ ಬಿಸ್ಮತ್ತಿನ ತಂಟೆಯೇ ಇಲ್ಲದ ಕ್ರೋಮಿಯಂ ಆಕ್ಸೈಡನ್ನೇ ಬಳಸಬಹುದಲ್ಲವೇ? ಈ ಮ್ಯಾಗ್ನೆಟೋಎಲೆಕ್ಟ್ರಿಕ್ ಪರಿಣಾಮವನ್ನು ಮೊದಲು ಕಂಡದ್ದೂ ಅದರಲ್ಲೇ ಅಲ್ಲವೇ?

ಉತ್ತರ 1: ನಿಜ, 1959ರಲ್ಲಿ ಸೋವಿಯತ್ ಭೌತವಿಜ್ಞಾನಿ ಜ್ಯಾಲೋಶಿನ್ಸ್ಕಿ ಊಹಿಸಿದ್ದನ್ನು ಮರುವರ್ಷ ಆಸ್ಟ್ರೋವ್ ಪ್ರಯೋಗದಲ್ಲಿ ಕಂಡರು. ಆದರೆ ಕ್ರೋಮಿಯಂ ಆಕ್ಸೈಡಿನ ನೀಲ್ ಉಷ್ಣತೆ (ಆಂಟಿಫೆರೋಮ್ಯಾಗ್ನೆಟ್‌ನ ಸ್ಪಿನ್ ಜೋಡಣೆ ಉಳಿಯುವ ಮಿತಿ) ಸುಮಾರು 307 ಕೆಲ್ವಿನ್, ಅಂದರೆ 34 ಡಿಗ್ರಿ ಸೆಲ್ಸಿಯಸ್. ಕೆಲಸದಲ್ಲಿರುವ ಪ್ರೊಸೆಸರ್ ಅದನ್ನು ಸುಲಭವಾಗಿ ಮೀರುತ್ತದೆ, ಮೀರಿದೊಡನೆ ಸ್ಪಿನ್‌ಗಳ ಜೋಡಣೆಯೇ ಕದಡಿ ಬರೆದ ಬಿಟ್ ಅಳಿದುಹೋಗುತ್ತದೆ. ಬೋರಾನ್ ಬೆರೆಸಿ ಈ ಮಿತಿಯನ್ನು 400 ಕೆಲ್ವಿನ್ನಿನ ಆಸುಪಾಸಿಗೆ ಏರಿಸಿದ ಕೆಲಸ ಅಮೆರಿಕದ ನೆಬ್ರಾಸ್ಕಾದಲ್ಲಿ ನಡೆದಿದೆ. ಸೆಮಿನಾರಿನಲ್ಲಿ ಬಿಸ್ಮತ್ ಫೆರೈಟ್‌ನ ನೀಲ್ ಉಷ್ಣತೆಯಾದ ಸುಮಾರು 640 ಕೆಲ್ವಿನ್ ಪಕ್ಕದಲ್ಲಿ ಈ ಸಂಖ್ಯೆಯನ್ನಿಟ್ಟು ವಿವರಿಸಿ.