ಅಪ್‌ಡೇಟ್: ಅಪ್ಪನ ಬಿಪಿ ಕೊನೆಗೂ ಸ್ಥಿರವಾಯಿತು

ಹೋದ ವಾರ ಇಲ್ಲಿ ಕೇಳಿದ್ದೆನಲ್ಲ, ಮೂತ್ರದ ಸೋಂಕು ರಕ್ತಕ್ಕೇರಿ ಅಪ್ಪ ಐಸಿಯುನಲ್ಲಿದ್ದಾರೆ, ಬಿಪಿ ಏರಿಸುವ ಔಷಧಿ ನಾರ್‌ಅಡ್ರಿನಲಿನ್ ಎಷ್ಟು ಹೆಚ್ಚಿಸಿದರೂ ಕುಸಿದ ಬಿಪಿ ಮೇಲೆ ನಿಲ್ಲುತ್ತಿಲ್ಲ, ಇನ್ನೇನು ಮಾಡಬಹುದು ಅಂತ. ಈಗ ವಾರ್ಡಿಗೆ ಬಂದಿದ್ದಾರೆ, ನಿನ್ನೆ ಗಂಜಿ ಕುಡಿದರು.

ಬಿಪಿ ಏರಿಸುವ ಇನ್ನೊಂದು ಔಷಧಿ ವಾಸೊಪ್ರೆಸಿನ್ ಆಗಲೇ ಹೋಗುತ್ತಿತ್ತು, ನಿಮಿಷಕ್ಕೆ 0.03 ಯೂನಿಟ್, ಸಾಲಲಿಲ್ಲ. ದಿನಕ್ಕೆ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್, ಆಮೇಲೆ ನಿಮ್ಮಲ್ಲೊಬ್ಬರು ಹೇಳಿದ್ದ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣದ ಔಷಧಿ ಸೇರಿದ ಮೇಲೆ ಬಿಪಿ ಹಿಡಿಯಿತು. ಯಾವುದರಿಂದ ಅಂತ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ವಿಟಮಿನ್ ಸಿ ಮಾತ್ರ ಬೇಡವೇ ಬೇಡ ಅಂದರು. ಸೋಂಕು ರಕ್ತಕ್ಕೇರಿ ಐಸಿಯು ಸೇರಿದಂಥವರ ಮೇಲೆ ವಿಟಮಿನ್ ಸಿ ಪರೀಕ್ಷಿಸಿದ 2022ರ ಲೋವಿಟ್ ಅಧ್ಯಯನದಲ್ಲಿ ಅದನ್ನು ಪಡೆದವರ ಪಾಡೇ ಹೆಚ್ಚು ಕೆಟ್ಟಿತ್ತಂತೆ.

ಮೆಥಿಲೀನ್ ಬ್ಲೂನಿಂದ ಮೂತ್ರ ಹಸಿರು-ನೀಲಿಯಾದಾಗ ಅಮ್ಮನಿಗೆ ಗಾಬರಿಯೋ ಗಾಬರಿ! ಬೆರಳಿಗೆ ಹಾಕುವ ಆಕ್ಸಿಜನ್ ಮೀಟರೂ ಆ ಬಣ್ಣಕ್ಕೆ ಮೋಸಹೋಗಿ ಕಡಿಮೆ ತೋರಿಸಿತು. ನಿಮ್ಮ ರೋಗಿ ಖಿನ್ನತೆಗೆ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಮೆಥಿಲೀನ್ ಬ್ಲೂ ಜೊತೆ ಸೆರೊಟೋನಿನ್ ಅನ್ನೋ ಮಿದುಳಿನ ರಾಸಾಯನಿಕ ಮಿತಿಮೀರುವ ಅಪಾಯವಿದೆ.