ಕೂದಲು ಕಸಿ ಮಾಡಿಸುವಾಗ ಆಪರೇಷನ್ ಥಿಯೇಟರ್‌ನಲ್ಲಿ ಕ್ಯಾಮೆರಾ ಇಡಿ ಅಂತ ಕೇಳಬಹುದಾ?

ಸಕಲೇಶಪುರದ ಮಾವ:
ನಮ್ಮಕ್ಕನ ಮಗನಿಗೆ ಇನ್ನೂ ಮೂವತ್ತಾಗಿಲ್ಲ, ನೆತ್ತಿ ಬಯಲಾಗಿದೆ. ಹೆಣ್ಣು ನೋಡಲು ಹೋದರೂ ಟೋಪಿ ತೆಗೆಯುವುದಿಲ್ಲ. ಕಾಫಿ ಮಾರಿದ ದುಡ್ಡು ಬಂದಿದ್ದೇ ತಡ, ಬೆಂಗಳೂರಿನಲ್ಲಿ ಕೂದಲು ಕಸಿ ಮಾಡಿಸುತ್ತೇನೆ ಅಂತ ಹಟ ಹಿಡಿದಿದ್ದಾನೆ. ಜೊತೆಗೆ ನಾನೂ ಹೋಗಿದ್ದೆ. ದೊಡ್ಡ ಸೋಫಾ, ಎಸಿ, ಕಾಫಿ. (ತೋಟದವರಿಗೇ ಇನ್‌ಸ್ಟಂಟ್ ಕೊಟ್ಟರು ನೋಡಿ!) ಮಾಡುವ ಡಾಕ್ಟರ್ ಯಾರಮ್ಮ ಅಂದರೆ, 'ನಮ್ಮ ಟೀಮ್ ಇದೆ ಸರ್' ಅಂದಳು ಕೌಂಟರ್‌ನ ಹುಡುಗಿ. ಹೆಸರು ಬಾಯಿಬಿಡಲಿಲ್ಲ.

ದಕ್ಷಿಣ ಕೊರಿಯಾದಲ್ಲಿ ಥಿಯೇಟರ್‌ಗೆ ಕ್ಯಾಮೆರಾ ಕಡ್ಡಾಯವಂತೆ, ಡಾಕ್ಟರುಗಳು ಅದರ ವಿರುದ್ಧ ಕೋರ್ಟಿಗೂ ಹೋದರಂತೆ. ನಮ್ಮಲ್ಲೂ ಕೇಳಬಹುದಾ?

ಹಾಸನದ ವಕೀಲ:
ಕೇಳಬಹುದು ಸರ್, ಇಡಲೇಬೇಕು ಅನ್ನಲು ನಮ್ಮಲ್ಲಿ ಅಂಥ ಕಾನೂನಿಲ್ಲ. ಕೊರಿಯಾದಲ್ಲಿ 2016ರಲ್ಲಿ ದವಡೆ ಸರ್ಜರಿಗೆ ಹೋದ ಹುಡುಗನೊಬ್ಬ ರಕ್ತ ಹೋಗಿ ತೀರಿಕೊಂಡ. ಡಾಕ್ಟರ್ ಮಧ್ಯದಲ್ಲೇ ಎದ್ದುಹೋಗಿದ್ದು ಕ್ಯಾಮೆರಾದಲ್ಲಿತ್ತು. ಅವನ ತಾಯಿ ಹೋರಾಡಿದರು. 2021ರಲ್ಲಿ ಕಾನೂನಾಯಿತು, 2023ರ ಸೆಪ್ಟೆಂಬರ್ 25ರಿಂದ ಜಾರಿ. ಅದಕ್ಕೆ ಸ್ವಲ್ಪ ಮೊದಲು ವೈದ್ಯರ ಸಂಘ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಯಿತು. ನಮ್ಮ ವೃತ್ತಿ ಸ್ವಾತಂತ್ರ್ಯಕ್ಕೆ ಅಡ್ಡಿ, ಖಾಸಗಿತನಕ್ಕೂ ಧಕ್ಕೆ ಅನ್ನುವುದು ಅವರ ತಕರಾರು. ಪೂರ್ತಿ ಸುಳ್ಳಲ್ಲ. ವಿಡಿಯೋ ಸೋರಿದರೆ ಬೀದಿಗೆ ಬರುವುದು ರೋಗಿಯ ಮೈ ಅಲ್ವಾ? ಆದರೂ ನನ್ನ ಓಟು ಆ ತಾಯಿಗೆ.

ಒಂದು ತಮಾಷೆ ನೋಡಿ. ಆ ಕಾನೂನು ಇರುವುದು ಪ್ರಜ್ಞೆ ತಪ್ಪಿಸಿ ಸರ್ಜರಿ ಮಾಡುವ ರೋಗಿಗೆ ಮಾತ್ರ. ಕೂದಲು ಕಸಿಗೆ ಸಾಮಾನ್ಯವಾಗಿ ತಲೆಗಷ್ಟೇ ಮರಗಟ್ಟಿಸುತ್ತಾರೆ, ನಿಮ್ಮ ಹುಡುಗ ಎಚ್ಚರವಾಗಿಯೇ ಇರುತ್ತಾನೆ. ಅಂದರೆ ಕೊರಿಯಾದಲ್ಲಿದ್ದರೂ ಅವನಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ಓಟಿ ಸಿಸ್ಟರ್, ಚಿಕ್ಕಮಗಳೂರು:
ಕ್ಯಾಮೆರಾ ಬಿಡಿ ಅಣ್ಣ. ಹಿಂದಲೆಯಿಂದ ಬೇರು ಕೀಳುವವರು ಯಾರು, ಮುಂದೆ ತೂತು ಮಾಡುವವರು ಯಾರು, ಇದನ್ನು ಕೇಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕಸಿ ಮಾಡುವವರು ಯೂಟ್ಯೂಬ್ ನೋಡಿ, ವರ್ಕ್‌ಶಾಪ್‌ಗೆ ಹೋಗಿ ಬಂದರೆ ಸಾಲದು ಅಂತ ಅದರಲ್ಲೇ ಇದೆ. ಒಪ್ಪಿಗೆ ಪತ್ರದಲ್ಲಿ ಡಾಕ್ಟರ್ ಹೆಸರಿನ ಜಾಗ ಖಾಲಿ ಇದ್ದರೆ ಸಹಿ ಹಾಕಬೇಡಿ.

ಹಾಸನದ ವಕೀಲ:
ಸಿಸ್ಟರ್ ಹೇಳಿದ್ದು ಸರಿ. ಗೋಡೆ ಮೇಲೆ ಕೆಪಿಎಂಇ (ಕರ್ನಾಟಕದ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಕಾಯ್ದೆ) ನೋಂದಣಿ ಪತ್ರ ಇದೆಯಾ ನೋಡಿ. ಆಮೇಲೆ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು, 2002ರ ವೈದ್ಯರ ನಡತೆ ನಿಯಮದಲ್ಲೇ ಇದೆ. ಗ್ರಾಹಕರ ಆಯೋಗಕ್ಕೆ ಹೋಗುವಾಗ ಕೈಯಲ್ಲಿ ಕಾಗದ ಇರಬೇಕು.

ಸಕಲೇಶಪುರದ ಮಾವ:
ಡಾಕ್ಟರ್ ಹೆಸರು, ನೋಂದಣಿ ನಂಬರ್ ಕಳಿಸಿ ಅಂತ ಹುಡುಗನಿಂದ ವಾಟ್ಸಾಪ್ ಮಾಡಿಸಿದೆ. ಹೆಸರು ಬರಲಿಲ್ಲ. ಭಾನುವಾರದೊಳಗೆ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಅಂತ ಬಂದಿದೆ.